ಜಾಣಗಿವುಡೆಂದು ಜರೆಯುವ ಮುನ್ನ

(ಕಿವಿಯ ಹಿಂದೆ ಧರಿಸುವ ಶ್ರವಣಯಂತ್ರ: ಬಳಕೆ ಮತ್ತು ಜೋಪಾನ)

'ಜಾಣಗಿವುಡು' ಎಂಬ ಮಾತು ನಮ್ಮ ಭಾಷೆಯಲ್ಲಿ ಬಹಳ ಹಳೆಯದು. ಬೇಕಾದದ್ದು ಕೇಳಿಸುತ್ತದೆ, ಬೇಡವಾದದ್ದು ಕೇಳಿಸುವುದಿಲ್ಲ ಎಂದು ಅದರ ತಾತ್ಪರ್ಯ. ಊರಿನಲ್ಲಿ ಇದು ನಗೆಚಾಟಿಕೆಯ ಮಾತು. ಮುಂಬಯಿಯ ಒಂದು ಅಡುಗೆಮನೆ, ಒಂದು ಕೋಣೆಯ ಸಂಸಾರದಲ್ಲಿ ಇದೇ ಮಾತು ಮನಸ್ತಾಪಕ್ಕೆ ಕಾರಣವಾಗುವುದೂ ಉಂಟು. "ಬಾಗಿಲು ದಡಕ್ಕೆಂದರೆ ಅತ್ತೆಯವರಿಗೆ ಕೇಳಿಸುತ್ತದೆ, ಮಗ ಮಾತಾಡಿದರೆ ಕೇಳಿಸುತ್ತದೆ, ನಾನು ಕರೆದರೆ ಮಾತ್ರ ಕೇಳಿಸುವುದಿಲ್ಲ" ಎಂದು ಸೊಸೆ ಅಂದುಕೊಳ್ಳುತ್ತಾಳೆ. "ಎಲ್ಲರೂ ಬಾಯೊಳಗೇ ಗೊಣಗುತ್ತಾರೆ, ನನ್ನಿಂದ ಮುಚ್ಚಿಟ್ಟು ಮಾತಾಡುತ್ತಾರೆ" ಎಂದು ಅತ್ತೆ ಅಂದುಕೊಳ್ಳುತ್ತಾರೆ. ವಾಸ್ತವವಾಗಿ ಇಬ್ಬರದೂ ತಪ್ಪಲ್ಲ, ತಪ್ಪು ಕಿವಿಯದು.

ವಯಸ್ಸಾದಂತೆ ಕಿವಿ ಮಂದವಾಗುವಾಗ ಎಲ್ಲ ಸದ್ದುಗಳೂ ಸಮನಾಗಿ ಕಡಿಮೆಯಾಗುವುದಿಲ್ಲ. ಒಳಗಿವಿಯಲ್ಲಿರುವ ಸೂಕ್ಷ್ಮವಾದ ರೋಮಕೋಶಗಳ ಪೈಕಿ, ಎತ್ತರದ ಸ್ವರಗಳನ್ನು ಹಿಡಿಯುವ ಕೋಶಗಳು ಮೊದಲು ಸೋಲುತ್ತವೆ. ಬಾಗಿಲಿನ ಸದ್ದು, ಗಂಡಸಿನ ದಪ್ಪ ದನಿ ತಗ್ಗಿನ ಸ್ವರದವು; ಅವು ಕೇಳುತ್ತಲೇ ಇರುತ್ತವೆ. ಹೆಂಗಸರ ದನಿ, ಮಕ್ಕಳ ತೆಳು ದನಿ ಮೊದಲು ಮರೆಯಾಗುತ್ತವೆ. ಮಾತಿನೊಳಗೂ ಹೀಗೆಯೇ. ಆ, ಊ, ಓ ಮುಂತಾದ ಸ್ವರಾಕ್ಷರಗಳಿಗೆ ಬಲ ಹೆಚ್ಚು. ಸ, ಶ, ತ, ಕ, ಪ ಮುಂತಾದ ವ್ಯಂಜನಗಳು ಬಲದಲ್ಲಿ ಕಡಿಮೆ, ಸ್ವರದಲ್ಲಿ ಎತ್ತರ. ಆದುದರಿಂದ 'ಹಾಸು' ಎಂದರೂ 'ಹಾಕು' ಎಂದರೂ ಹಿರಿಯರ ಕಿವಿಗೆ ಒಂದೇ ಆಗಿ ಬೀಳುತ್ತದೆ. "ಕೇಳಿಸುತ್ತದಪ್ಪಾ, ಆದರೆ ತಿಳಿಯುವುದಿಲ್ಲ" ಎಂದು ಅವರು ಹೇಳುವುದು ನೆಪವಲ್ಲ, ಅಕ್ಷರಶಃ ನಿಜ.

ಹೊರನಾಡಿನಲ್ಲಿ ನೆಲೆಸಿದ ನಮ್ಮಂಥವರಿಗೆ ಇದರಲ್ಲಿ ಇನ್ನೊಂದು ನಷ್ಟವೂ ಉಂಟು. ಇಲ್ಲಿಯ ಮಗುವಿಗೆ ಶಾಲೆಯಲ್ಲಿ ಇಂಗ್ಲಿಷು, ಬೀದಿಯಲ್ಲಿ ಹಿಂದಿ ಮರಾಠಿ. ಕನ್ನಡ ಬರುವುದು ಮನೆಯಿಂದ, ಅದರಲ್ಲೂ ಬಹುಪಾಲು ಅಜ್ಜ ಅಜ್ಜಿಯರ ಬಾಯಿಂದ. ಮಗು ಏನೋ ಕೇಳುತ್ತದೆ, ಅಜ್ಜಿ "ಆಂ?" ಎನ್ನುತ್ತಾರೆ. ಎರಡು ಸಲ, ಮೂರು ಸಲ ಹೀಗಾದ ಮೇಲೆ ಮಗು ಕೈಸನ್ನೆ ಮಾಡಿ ಓಡುತ್ತದೆ. ಅಜ್ಜಿಯೂ ಕ್ರಮೇಣ ಮಾತು ಕಡಿಮೆ ಮಾಡುತ್ತಾರೆ. ಕಥೆ ನಿಂತಿತು, ಗಾದೆ ನಿಂತಿತು, ಒಗಟು ನಿಂತಿತು. ಒಬ್ಬರ ಕಿವಿ ಮಂದವಾದುದರಿಂದ ಮನೆಯ ಕನ್ನಡವೇ ಮೂಕವಾಗುತ್ತದೆ.

ವಿಶ್ವ ಆರೋಗ್ಯ ಸಂಸ್ಥೆಯು ೨೦೨೧ರಲ್ಲಿ ಹೊರಡಿಸಿದ ವರದಿಯ ಪ್ರಕಾರ ಜಗತ್ತಿನಲ್ಲಿ ೧೫೦ ಕೋಟಿ ಜನರಿಗೆ ಒಂದಲ್ಲ ಒಂದು ಪ್ರಮಾಣದ ಕಿವಿಯ ಮಾಂದ್ಯವಿದೆ. ಶ್ರವಣಯಂತ್ರದಿಂದ ಪ್ರಯೋಜನ ಪಡೆಯಬಹುದಾದವರಲ್ಲಿ ಅದನ್ನು ಬಳಸುವವರು ನೂರಕ್ಕೆ ೧೭ ಮಂದಿ ಮಾತ್ರ. ಲ್ಯಾನ್ಸೆಟ್ ವೈದ್ಯಪತ್ರಿಕೆ ನೇಮಿಸಿದ ತಜ್ಞಮಂಡಲಿಯು ೨೦೧೭, ೨೦೨೦ ಮತ್ತು ೨೦೨೪ರ ತನ್ನ ವರದಿಗಳಲ್ಲಿ, ಮುಪ್ಪಿನ ಮರೆವಿನ ರೋಗಕ್ಕೆ ದಾರಿ ಮಾಡುವ, ಆದರೆ ನಾವು ತಡೆಯಬಹುದಾದ ಕಾರಣಗಳ ಸಾಲಿನಲ್ಲಿ ಕಿವಿಯ ಮಾಂದ್ಯವನ್ನೂ ಎಣಿಸಿದೆ.

ಇನ್ನು ಕೊಂಡ ಯಂತ್ರಗಳ ಗತಿ ನೋಡಿ. ಎಷ್ಟೋ ಮನೆಗಳಲ್ಲಿ ಅದು ಕಪಾಟಿನ ಡ್ರಾಯರಿನಲ್ಲಿ ಮಲಗಿರುತ್ತದೆ. "ಅಗ್ಗದ್ದು, ಅದಕ್ಕೇ ಸರಿಯಿಲ್ಲ" ಎಂಬುದು ಸಾಮಾನ್ಯವಾದ ದೂರು. ನಾವು ಹೇಳಬೇಕೆಂದಿರುವುದು ಇಷ್ಟೇ: ಯಂತ್ರ ಮೂಲೆ ಸೇರುವುದು ಬಹುತೇಕ ಬೆಲೆಯ ದೆಸೆಯಿಂದಲ್ಲ. ಮೊದಲ ತಿಂಗಳು ಜೊತೆಗೆ ಕುಳಿತು ರೂಢಿ ಮಾಡಿಸುವವರಿಲ್ಲದೆ, ಮೊದಲ ಮಳೆಗಾಲದಲ್ಲಿ ಒಣಗಿಸಿಡುವವರಿಲ್ಲದೆ ಅದು ಮೂಲೆ ಸೇರುತ್ತದೆ. ಮಿತವ್ಯಯದ ಯಂತ್ರವಾದರೂ ಕಿವಿಗೆ ಸರಿಯಾಗಿ ಕೂತು ನಿತ್ಯ ಬಳಕೆಯಲ್ಲಿದ್ದರೆ, ಡ್ರಾಯರಿನಲ್ಲಿರುವ ಲಕ್ಷ ರೂಪಾಯಿಯ ಯಂತ್ರಕ್ಕಿಂತ ಎಷ್ಟೋ ಮೇಲು.

ಮೊದಲು ಪರೀಕ್ಷೆ, ಆಮೇಲೆ ಯಂತ್ರ

ಕನ್ನಡಕವನ್ನು ಕಣ್ಣಿನ ಪರೀಕ್ಷೆಯಿಲ್ಲದೆ ಯಾರೂ ಕೊಳ್ಳುವುದಿಲ್ಲ. ಕಿವಿಗೂ ಅದೇ ನ್ಯಾಯ. ಮೊದಲು ಕಿವಿ-ಮೂಗು-ಗಂಟಲಿನ ವೈದ್ಯರು ನೋಡಬೇಕು. ಕುಗ್ಗೆ ಗಟ್ಟಿಯಾಗಿ ಕೂತಿದ್ದರೆ ಅದನ್ನು ತೆಗೆದ ಮಾತ್ರಕ್ಕೇ ಕೇಳಿಸುವುದುಂಟು. ಕಿವಿ ಸೋರುವುದು, ನೋವು, ತಲೆಸುತ್ತು, ಒಂದೇ ಕಿವಿ ಮಂದವಾಗುವುದು, ಇವಕ್ಕೆ ಯಂತ್ರಕ್ಕಿಂತ ಮೊದಲು ಚಿಕಿತ್ಸೆ ಬೇಕು. ಒಂದೆರಡು ದಿನಗಳಲ್ಲಿ ಇದ್ದಕ್ಕಿದ್ದಂತೆ ಕಿವಿ ಕೇಳದಂತಾದರೆ "ಸರಿಹೋದೀತು" ಎಂದು ಕಾಯದೆ ಕೂಡಲೇ ವೈದ್ಯರಲ್ಲಿಗೆ ಹೋಗಬೇಕು. ಅಂಥದಕ್ಕೆ ಔಷಧದ ಅವಕಾಶ ಮೊದಲ ಕೆಲವು ದಿನಗಳಲ್ಲೇ ಹೆಚ್ಚು.

ಆಮೇಲೆ ಶ್ರವಣತಜ್ಞರು, ಅಂದರೆ ಆಡಿಯಾಲಜಿಸ್ಟರು, ಸದ್ದು ಹೊಗದ ಕೋಣೆಯಲ್ಲಿ ಕೂರಿಸಿ ಪರೀಕ್ಷಿಸುತ್ತಾರೆ. ಯಾವ ಸ್ವರ ಎಷ್ಟು ಡೆಸಿಬೆಲ್ ಜೋರಾದಾಗ ಕೇಳಿಸಿತು ಎಂಬುದನ್ನು ಒಂದು ನಕ್ಷೆಯಲ್ಲಿ ಗುರುತು ಮಾಡಿ ಕೊಡುತ್ತಾರೆ. ಇದೇ ಆಡಿಯೋಗ್ರಾಮ್. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ೨೦ ಡೆಸಿಬೆಲ್‌ಗಿಂತ ಕಡಿಮೆ ಸದ್ದೂ ಕೇಳಿಸಿದರೆ ಕಿವಿ ಸರಿಯಾಗಿದೆ. ೨೦ರಿಂದ ೩೫ರ ತನಕ ಅಲ್ಪ ಮಾಂದ್ಯ, ೩೫ರಿಂದ ೫೦ರ ತನಕ ಮಧ್ಯಮ. ೬೫ ದಾಟಿದರೆ ತೀವ್ರ. ನಾವು ಸಾಮಾನ್ಯವಾಗಿ ಆಡುವ ಮಾತು ಸುಮಾರು ೬೦ ಡೆಸಿಬೆಲ್. ಇದನ್ನು ತಿಳಿದರೆ ನಕ್ಷೆಯನ್ನು ಮನೆಯವರೂ ಓದಬಹುದು. ಆ ಕಾಗದವನ್ನು ಜೋಪಾನವಾಗಿಡಿ. ವರ್ಷಕ್ಕೊಮ್ಮೆ ಮತ್ತೆ ಪರೀಕ್ಷಿಸಿದಾಗ ಹೋಲಿಸಿ ನೋಡಲು ಬೇಕಾಗುತ್ತದೆ.

ಇಲ್ಲಿ ಹೊರನಾಡ ಕನ್ನಡಿಗರು ಗಮನಿಸಬೇಕಾದ ಸಂಗತಿ ಒಂದುಂಟು. 'ಪೀಂ' ಎಂಬ ಸ್ವರ ಕೇಳಿಸಿ ಮಾಡುವ ಪರೀಕ್ಷೆಗೆ ಭಾಷೆ ಬೇಡ. ಆದರೆ ಪದಗಳನ್ನು ಹೇಳಿಸಿ ಮಾಡುವ ಪರೀಕ್ಷೆಗೆ ಭಾಷೆ ಬೇಕು. ಕನ್ನಡವನ್ನೋ ತುಳುವನ್ನೋ ಮಾತ್ರ ಬಲ್ಲ ಅಜ್ಜಿಯವರಿಗೆ ಹಿಂದಿಯ ಪದ ಹೇಳಿದರೆ, ತಿಳಿಯದೆ ಹೋದದ್ದು ಕಿವಿಯ ದೋಷವೋ ಭಾಷೆಯ ತೊಡಕೋ ಗೊತ್ತಾಗುವುದು ಹೇಗೆ? ಆದುದರಿಂದ ಮನೆಯಲ್ಲಿ ಅವರ ಮಾತು ಬಲ್ಲವರೊಬ್ಬರು ಜೊತೆಗೆ ಹೋಗಬೇಕು, ಈ ವಿಷಯವನ್ನು ತಜ್ಞರಿಗೆ ಮೊದಲೇ ತಿಳಿಸಬೇಕು. ಮೈಸೂರಿನ ಮಾನಸಗಂಗೋತ್ರಿಯಲ್ಲಿ ೧೯೬೫ರಲ್ಲಿ ಆರಂಭವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಕನ್ನಡದ ಪದಪಟ್ಟಿಗಳಿಂದಲೇ ಪರೀಕ್ಷೆ ಮಾಡುವ ಏರ್ಪಾಡಿದೆ. ಮಂಗಳೂರಿನ ಕಡೆಯವರಿಗೆ ಫಾದರ್ ಮುಲ್ಲರ್ ಸಂಸ್ಥೆಯೂ ಉಂಟು. ರಜೆಯಲ್ಲಿ ಊರಿಗೆ ಹೋದಾಗ ಪರೀಕ್ಷೆ ಮಾಡಿಸಿಕೊಂಡು ಬರುವುದು ಒಳ್ಳೆಯದೇ. ಆದರೆ ಯಂತ್ರವನ್ನು ಮಾತ್ರ ವಾಸವಿರುವ ಊರಿನಲ್ಲೇ ಕೊಳ್ಳುವುದು ಲೇಸು. ಹೊಸ ಯಂತ್ರವನ್ನು ಎರಡು ಮೂರು ಸಲವಾದರೂ ಹೊಂದಿಸಬೇಕಾಗುತ್ತದೆ. ಅದಕ್ಕಾಗಿ ಪ್ರತಿಸಲವೂ ರೈಲು ಹತ್ತಲಾದೀತೆ?

ಮುಂಬಯಿಯಲ್ಲಿ ಎಲ್ಲಿಗೆ?

ಬಾಂದ್ರಾ ಪಶ್ಚಿಮದ ರೆಕ್ಲಮೇಶನ್ನಿನಲ್ಲಿ ಕೇಂದ್ರ ಸರಕಾರದ ಅಲಿ ಯಾವರ್ ಜಂಗ್ ರಾಷ್ಟ್ರೀಯ ಸಂಸ್ಥೆ ಇದೆ. ಮಹಾರಾಷ್ಟ್ರದ ರಾಜ್ಯಪಾಲರಾಗಿದ್ದ ಅಲಿ ಯಾವರ್ ಜಂಗ್ ಅವರ ಹೆಸರಿನಲ್ಲಿ ೧೯೮೩ರಲ್ಲಿ ಸ್ಥಾಪಿತವಾದ ಈ ಸಂಸ್ಥೆ ಮಾತು ಮತ್ತು ಕಿವಿಯ ತೊಂದರೆಗಳಿಗೆಂದೇ ಮೀಸಲಾದದ್ದು. ಮುಂಬಯಿ ಸೆಂಟ್ರಲ್ ಹತ್ತಿರದ ನಾಯರ್ ಆಸ್ಪತ್ರೆಯಲ್ಲಿ ಶ್ರವಣತಜ್ಞರನ್ನು ತರಬೇತು ಮಾಡುವ ಶಾಲೆಯೇ ಇದೆ. ಪರೇಲಿನ ಕೆ.ಇ.ಎಂ., ಶೀವ್‌ನ ಲೋಕಮಾನ್ಯ ತಿಲಕ ಆಸ್ಪತ್ರೆಗಳಲ್ಲಿಯೂ ಕಿವಿಯ ವಿಭಾಗಗಳಿವೆ. ಸಾಲು ಉದ್ದವಿದ್ದೀತು, ಬೆಳಗ್ಗೆ ಬೇಗ ಹೋಗಬೇಕು, ಒಂದು ದಿನದ ರಜೆ ಹಾಕಿಕೊಂಡೇ ಹೋಗಬೇಕು.

ಯಂತ್ರದ ಬೆಲೆ ಕೆಲವು ಸಾವಿರ ರೂಪಾಯಿಗಳಿಂದ ತೊಡಗಿ ಲಕ್ಷವನ್ನೂ ಮೀರುತ್ತದೆ. ಕಡಿಮೆ ಆದಾಯದವರಿಗೆ ಸರಕಾರದ ನೆರವು ಉಂಟು. ೧೯೮೧ರಿಂದ ನಡೆದುಬಂದ 'ಎಡಿಪ್' ಯೋಜನೆಯಲ್ಲಿ, ಶೇಕಡಾ ೪೦ ಅಥವಾ ಅದಕ್ಕೂ ಹೆಚ್ಚಿನ ಅಂಗವೈಕಲ್ಯದ ಪ್ರಮಾಣಪತ್ರವಿದ್ದು ಆದಾಯದ ಮಿತಿಯೊಳಗಿರುವವರಿಗೆ ಯಂತ್ರ ಉಚಿತವಾಗಿಯೋ ಅರ್ಧ ಬೆಲೆಗೋ ದೊರೆಯುತ್ತದೆ. ೨೦೧೭ರಲ್ಲಿ ಆರಂಭವಾದ ರಾಷ್ಟ್ರೀಯ ವಯೋಶ್ರೀ ಯೋಜನೆ ಬಡ ಹಿರಿಯ ನಾಗರಿಕರಿಗಾಗಿಯೇ ಇರುವಂಥದು. ಕಾನ್ಪುರದ ಅಲಿಮ್ಕೋ ಎಂಬ ಸರಕಾರಿ ಕಾರಖಾನೆಯ ಮೂಲಕ ಶಿಬಿರಗಳಲ್ಲಿ ಯಂತ್ರಗಳನ್ನು ಹಂಚುತ್ತಾರೆ. ಹೋಗುವಾಗ ಆಧಾರ್ ಚೀಟಿ, ಆದಾಯದ ದಾಖಲೆ, ಭಾವಚಿತ್ರಗಳು, ಪ್ರಮಾಣಪತ್ರವಿದ್ದರೆ ಅದು, ಇವನ್ನೆಲ್ಲ ಒಂದೇ ಚೀಲದಲ್ಲಿಟ್ಟುಕೊಂಡು ಹೋದರೆ ಎರಡೆರಡು ಸಲ ಅಲೆಯುವುದು ತಪ್ಪುತ್ತದೆ.

ಒಂದು ಎಚ್ಚರಿಕೆ. ಪರೀಕ್ಷೆಯಿಲ್ಲದೆ, ಜಾಹೀರಾತು ನೋಡಿ ಅಂಚೆಯಲ್ಲಿ ತರಿಸುವ 'ಸದ್ದು ಹೆಚ್ಚಿಸುವ ಯಂತ್ರ'ಗಳು ನಿಜವಾದ ಶ್ರವಣಯಂತ್ರಗಳಲ್ಲ. ಅವು ಕೇಳುವ ಸ್ವರವನ್ನೂ ಕೇಳದ ಸ್ವರವನ್ನೂ ಒಂದೇ ಸಮನೆ ಹೆಚ್ಚಿಸುತ್ತವೆ. ಉಳಿದಿರುವ ಕಿವಿಗೂ ಅದರಿಂದ ಅಪಾಯವಾಗಬಹುದು.

ಯಂತ್ರದ ಸ್ವರೂಪ

ಹಿಂದೆ ಜೇಬಿನಲ್ಲಿ ಬೆಂಕಿಪೆಟ್ಟಿಗೆಗಿಂತ ದೊಡ್ಡದೊಂದು ಡಬ್ಬಿ, ಅದರಿಂದ ಕಿವಿಗೆ ಒಂದು ತಂತಿ, ಇಂಥ ಯಂತ್ರ ಧರಿಸಿದವರನ್ನು ಹಿರಿಯ ವಾಚಕರು ಕಂಡಿರಬಹುದು. ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ೧೯೪೭ರಲ್ಲಿ ಹುಟ್ಟಿದ ಟ್ರಾನ್ಸಿಸ್ಟರು ಜೇಬಿನ ರೇಡಿಯೋದಲ್ಲಿ ಸೇರುವುದಕ್ಕೂ ಮೊದಲು, ೧೯೫೨ರ ಕೊನೆಯಲ್ಲಿ, ಸೇರಿದ್ದು ಶ್ರವಣಯಂತ್ರದಲ್ಲಿ. ಅಲ್ಲಿಂದ ಯಂತ್ರ ಕುಗ್ಗುತ್ತ ಬಂದು ಕಿವಿಯ ಹಿಂದೆ ಅಡಗುವಷ್ಟಾಯಿತು. ೧೯೯೬ರಲ್ಲಿ ಪೂರ್ಣ ಡಿಜಿಟಲ್ ಯಂತ್ರಗಳು ಮಾರುಕಟ್ಟೆಗೆ ಬಂದವು.

ಕಿವಿಯ ಹಿಂದೆ ಕೂರುವ ಬಾಳೆಕಾಯಿಯ ಆಕಾರದ ಪುಟ್ಟ ಕವಚದೊಳಗೆ ಸದ್ದನ್ನು ಹಿಡಿಯುವ ಮೈಕ್, ಅದನ್ನು ಹೆಚ್ಚಿಸುವ ಭಾಗ, ಮತ್ತೆ ಸದ್ದಾಗಿ ಹೊರಡಿಸುವ ಭಾಗ, ಕೆಳಗೆ ಸೆಲ್ಲಿನ ಪುಟ್ಟ ಬಾಗಿಲು, ಇಷ್ಟಿರುತ್ತವೆ. ಮೇಲ್ತುದಿಯ ಕೊಕ್ಕೆಯಿಂದ ಒಂದು ಪಾರದರ್ಶಕ ನಳಿಕೆ ಇಳಿದು ಕಿವಿಯೊಳಗಿನ ಅಚ್ಚಿಗೆ ಸೇರುತ್ತದೆ. ಈ ಅಚ್ಚೇ ಇಡೀ ಯಂತ್ರದ ಜೀವ. ಕಿವಿಯಲ್ಲಿ ಹತ್ತಿಯ ತಡೆಯಿಟ್ಟು, ಮೆತ್ತನೆಯ ಹಿಟ್ಟಿನಂಥ ವಸ್ತುವನ್ನು ತುಂಬಿ, ಕೆಲವು ನಿಮಿಷಗಳಲ್ಲಿ ಅದು ಗಟ್ಟಿಯಾದ ಮೇಲೆ ತೆಗೆದು, ಅದೇ ಅಳತೆಗೆ ಅಚ್ಚನ್ನು ಮಾಡುತ್ತಾರೆ. ಹಣ ಉಳಿಸಲು ಅಂಗಡಿಯಲ್ಲಿ ಸಿಗುವ ಸಿದ್ಧ ರಬ್ಬರಿನ ತುದಿಯನ್ನೇ ಹಾಕಿಕೊಳ್ಳುವವರುಂಟು. ಹೆಚ್ಚು ಮಾಂದ್ಯವಿದ್ದವರಿಗೆ ಆ ತುದಿ ಸಡಿಲವಾಗಿ ಸದ್ದು ಹೊರಗೆ ಸೋರಿ ಸಿಳ್ಳೆ ಬರುತ್ತದೆ. ಯಂತ್ರದಲ್ಲಿ ಉಳಿತಾಯ ಮಾಡಿದರೂ ಅಚ್ಚಿನಲ್ಲಿ ಮಾಡಬೇಡಿ.

ಬಲಗಿವಿಯದಕ್ಕೆ ಕೆಂಪು, ಎಡಗಿವಿಯದಕ್ಕೆ ನೀಲಿ ಗುರುತು ಇರುತ್ತದೆ. ಅಗ್ಗದ ಕೆಲವು ಯಂತ್ರಗಳಲ್ಲಿ 'ಓ', 'ಟಿ', 'ಎಂ' ಎಂಬ ಮೂರು ಅಕ್ಷರಗಳ ಗುಂಡಿಯಿರುತ್ತದೆ: 'ಓ' ಎಂದರೆ ಬಂದ್, 'ಟಿ' ಟೆಲಿಫೋನಿಗೆ, 'ಎಂ' ಮಾಮೂಲು ಬಳಕೆಗೆ. ಗುಂಡಿ ತಪ್ಪಿ 'ಟಿ'ಗೆ ಸರಿದು, ಯಂತ್ರ ಕೆಟ್ಟಿತೆಂದು ದುರಸ್ತಿಗೆ ಒಯ್ಯುವವರಿದ್ದಾರೆ! ಫೋನಿನಲ್ಲಿ ಮಾತಾಡುವಾಗ ಅದನ್ನು ಕಿವಿಯ ತೂತಿಗಲ್ಲ, ಕಿವಿಯ ಮೇಲುಗಡೆ, ಯಂತ್ರದ ಮೈಕಿನ ಹತ್ತಿರ ಹಿಡಿಯಬೇಕು.

ಮೊದಲ ತಿಂಗಳು

ಹೊಸ ಯಂತ್ರ ಹಾಕಿದ ಮೊದಲ ದಿನ ಹಿರಿಯರು ಮುಖ ಸಿಂಡರಿಸುತ್ತಾರೆ. ಫ್ಯಾನು ಬಿರುಗಾಳಿಯಂತೆ, ಕಾಗದದ ಸರಪರ ಗುಡುಗಿನಂತೆ, ತಮ್ಮದೇ ದನಿ ಹಂಡೆಯೊಳಗಿನಿಂದ ಬಂದಂತೆ ಕೇಳಿಸುತ್ತದೆ. ಇದು ಯಂತ್ರದ ದೋಷವಲ್ಲ. ವರ್ಷಗಟ್ಟಲೆ ಈ ಸದ್ದುಗಳಿಲ್ಲದೆ ಇದ್ದ ಮಿದುಳಿಗೆ ಅವು ಪರಕೀಯವಾಗಿವೆ. ಯಾವುದು ಬೇಕು, ಯಾವುದನ್ನು ಬಿಡಬೇಕು ಎಂಬುದನ್ನು ಅದು ಮತ್ತೆ ಕಲಿಯಬೇಕು. ಇದಕ್ಕೆ ಕೆಲವು ವಾರಗಳು ಹಿಡಿಯುತ್ತವೆ.

ಆದುದರಿಂದ ಮೊದಲ ದಿನಗಳಲ್ಲಿ ಒಂದೆರಡು ತಾಸು ಸಾಕು, ಅದೂ ಮನೆಯೊಳಗೆ, ಟಿ.ವಿ. ಬಂದ್ ಮಾಡಿ, ಒಬ್ಬರೊಡನೆ ಒಬ್ಬರು ಮಾತಾಡುತ್ತ. ಮಧ್ಯಾಹ್ನ ಮನೆ ಶಾಂತವಾಗಿರುವ ಹೊತ್ತು ಇದಕ್ಕೆ ಉತ್ತಮ. ದಿನದಿನಕ್ಕೆ ಸಮಯ ಹೆಚ್ಚಿಸುತ್ತ ಹೋಗಬೇಕು. ಕನ್ನಡ ಪತ್ರಿಕೆಯನ್ನು ತಾವೇ ಗಟ್ಟಿಯಾಗಿ ಓದಿಕೊಂಡರೆ ತಮ್ಮ ದನಿಗೆ ಕಿವಿ ಒಗ್ಗುತ್ತದೆ. ಮೊಮ್ಮಕ್ಕಳು ಒಂದು ಕಥೆ ಓದಿ ಹೇಳಿದರೆ ಇನ್ನೂ ಒಳ್ಳೆಯದು. ಅಜ್ಜಿಗೆ ಕಿವಿಯ ಅಭ್ಯಾಸ, ಮಗುವಿಗೆ ಕನ್ನಡದ ಅಭ್ಯಾಸ. ಎರಡನೆಯ ವಾರ ಊಟದ ಪಂಕ್ತಿ, ಮೂರನೆಯ ವಾರ ಕಟ್ಟಡದ ಅಂಗಳ, ಆಮೇಲೆ ದೇವಸ್ಥಾನ, ಪೇಟೆ. ಲೋಕಲ್ ರೈಲು ಕೊನೆಗಿರಲಿ.

ಈ ತಿಂಗಳಲ್ಲಿ ಯಾವ ಸದ್ದು ಕಿರಿಕಿರಿ, ಯಾರ ಮಾತು ತಿಳಿಯುವುದಿಲ್ಲ, ಅಚ್ಚು ಎಲ್ಲಿ ಚುಚ್ಚುತ್ತದೆ ಎಂಬುದನ್ನು ಒಂದು ಚೀಟಿಯಲ್ಲಿ ಬರೆದಿಡಿ. ಮತ್ತೆ ತಜ್ಞರಲ್ಲಿಗೆ ಹೋದಾಗ ಆ ಚೀಟಿಯನ್ನು ನೋಡಿ ಅವರು ಯಂತ್ರವನ್ನು ಹೊಂದಿಸಿ ಕೊಡುತ್ತಾರೆ. "ಸರಿಯಿಲ್ಲ" ಎಂದಷ್ಟೇ ಹೇಳಿದರೆ ಅವರಾದರೂ ಏನು ಮಾಡಿಯಾರು?

ಸೆಲ್ಲಿನ ಸಂಗತಿ

ಇದರ ಸೆಲ್ಲು ಗಡಿಯಾರದ ಸೆಲ್ಲಲ್ಲ. ಸತುವು ಗಾಳಿಯ ಆಮ್ಲಜನಕದೊಡನೆ ಕೂಡಿ ವಿದ್ಯುತ್ತು ಕೊಡುವಂಥದು. ಅದಕ್ಕೇ ಅದರ ಬೆನ್ನ ಮೇಲೆ ಸಣ್ಣ ತೂತುಗಳು, ಮೇಲೆ ಒಂದು ಅಂಟುಚೀಟಿ. ಚೀಟಿಯ ಬಣ್ಣವೇ ಅಳತೆಯ ಗುರುತು: ಕಿವಿಯ ಹಿಂದಿನ ಯಂತ್ರಗಳಲ್ಲಿ ಹೆಚ್ಚಾಗಿ ೧೩ನೆಯ ಅಳತೆ, ಬಣ್ಣ ಕಿತ್ತಳೆ, ಹೆಚ್ಚು ಬಲದ ಯಂತ್ರಗಳಿಗೆ ೬೭೫, ಬಣ್ಣ ನೀಲಿ, ಚಿಕ್ಕವಕ್ಕೆ ೩೧೨, ಬಣ್ಣ ಕಂದು. ಅಂಗಡಿಯಲ್ಲಿ ಬಣ್ಣ ಹೇಳಿದರೂ ಸಾಕು, ಆದರೆ ಅವಧಿಯ ತಾರೀಕು ನೋಡಿ ಕೊಳ್ಳಬೇಕು.

ಚೀಟಿ ಕಿತ್ತ ಮೇಲೆ ಮೂರು ನಾಲ್ಕು ನಿಮಿಷ ಹಾಗೆಯೇ ಬಿಟ್ಟು, ಗಾಳಿ ಒಳಗೆ ಸೇರಿದ ನಂತರ ಯಂತ್ರಕ್ಕೆ ಹಾಕಿದರೆ ಸೆಲ್ಲು ಚೆನ್ನಾಗಿ ಕೆಲಸ ಮಾಡುತ್ತದೆ. ಕೂಡಿಸುವ ಗುರುತಿರುವ ಬದಿ ಮೇಲಿರಬೇಕು. ಒಮ್ಮೆ ಚೀಟಿ ಕಿತ್ತರೆ ಬಳಸಿದರೂ ಬಳಸದಿದ್ದರೂ ಅದು ಕ್ಷಯಿಸುತ್ತಲೇ ಹೋಗುತ್ತದೆ. ಮತ್ತೆ ಚೀಟಿ ಹಚ್ಚಿ ಪ್ರಯೋಜನವಿಲ್ಲ. ೧೩ರ ಸೆಲ್ಲು ಸುಮಾರು ಒಂದರಿಂದ ಎರಡು ವಾರ, ೬೭೫ರದು ಎರಡು ವಾರದ ಆಚೀಚೆ ಬಂದೀತು. ಯಂತ್ರದ ಬಲ, ಬಳಕೆಯ ತಾಸು ಇವುಗಳ ಮೇಲೆ ಹೆಚ್ಚುಕಡಿಮೆ. ಸೆಲ್ಲನ್ನು ಫ್ರಿಜ್ಜಿನಲ್ಲಿ ಇಡಬೇಡಿ. ತಂಪಿನಿಂದ ಹೊರಗೆ ತೆಗೆದಾಗ ಪಸೆ ಹಿಡಿದು ಕೆಡುತ್ತದೆ. ಹಾಕಿದ ದಿನವನ್ನು ಗೋಡೆಯ ಪಂಚಾಂಗದ ಮೇಲೆ ಗುರುತು ಮಾಡಿದರೆ ಮುಗಿಯುವ ದಿನವನ್ನು ಊಹಿಸಬಹುದು. ರಾತ್ರಿ ಚಾರ್ಜ್ ಮಾಡುವ ಯಂತ್ರಗಳೂ ಈಗ ಬಂದಿವೆ. ಅವಕ್ಕೆ ಈ ತಾಪತ್ರಯವಿಲ್ಲ, ಆದರೆ ಬೆಲೆ ಹೆಚ್ಚು.

ಹಳೆಯ ಸೆಲ್ಲಾಗಲಿ ಹೊಸದಾಗಲಿ ಮಕ್ಕಳ ಕೈಗೆ ಸಿಗಬಾರದು. ಗುಂಡುಸೆಲ್ಲನ್ನು ನುಂಗಿದರೆ, ಇಲ್ಲವೆ ಮೂಗಿನಲ್ಲೋ ಕಿವಿಯಲ್ಲೋ ತುರುಕಿಕೊಂಡರೆ, ಒಳಗೆ ಸುಡುವ ಅಪಾಯವಿದೆ. ಮನೆಮದ್ದು ಮಾಡುತ್ತ ಕೂರದೆ ಕೂಡಲೇ ಆಸ್ಪತ್ರೆಗೆ ಒಯ್ಯಬೇಕು.

ನಿತ್ಯದ ಕೆಲಸ

ಬೆಳಗ್ಗೆ ಸ್ನಾನ, ತಲೆಗೆ ಎಣ್ಣೆ, ಪೌಡರು ಎಲ್ಲ ಮುಗಿದು, ಕಿವಿ ಒಣಗಿದ ಮೇಲೆ ಯಂತ್ರ. ಕೊಬ್ಬರಿ ಎಣ್ಣೆ ಮೈಕಿನ ಸಣ್ಣ ತೂತಿಗೆ ಇಳಿದರೆ ಮಾತು ಮಸುಕಾಗುತ್ತದೆ. ಮೊದಲು ಅಚ್ಚನ್ನು ಕಿವಿಯಲ್ಲಿ ಕೂರಿಸಿ ಆಮೇಲೆ ಯಂತ್ರವನ್ನು ಚಾಲೂ ಮಾಡಿದರೆ ಸಿಳ್ಳೆಯ ಕಾಟವಿರದು. ಅದಕ್ಕೂ ಮೊದಲು ಯಂತ್ರವನ್ನು ಚಾಲೂ ಮಾಡಿ ಮುಷ್ಟಿಯೊಳಗೆ ಹಿಡಿದು ನೋಡಬಹುದು. 'ಕುಂಯ್' ಎಂದರೆ ಜೀವವಿದೆ ಎಂದರ್ಥ. ಹಾಕಿಕೊಂಡ ಬಳಿಕ ಮನೆಯವರೊಬ್ಬರು ಹಿಂದುಗಡೆ ಎರಡು ಮಾರು ದೂರ ನಿಂತು ಆ, ಊ, ಈ, ಮ್, ಸ್, ಶ್ ಎಂಬ ಆರು ಸದ್ದುಗಳನ್ನು ಬಿಡಿಬಿಡಿಯಾಗಿ ಹೇಳಲಿ. ಕೇಳಿದವರು ತಿರುಗಿ ಹೇಳಲಿ. ಡೇನಿಯಲ್ ಲಿಂಗ್ ಎಂಬ ತಜ್ಞರು ಕಟ್ಟಿಕೊಟ್ಟ ಪರೀಕ್ಷೆಯಿದು. ಮಾತಿನ ತಗ್ಗು ಸ್ವರದಿಂದ ಎತ್ತರದ ಸ್ವರದ ತನಕ ಈ ಆರರಲ್ಲಿ ಅಡಗಿದೆ. ನಿನ್ನೆ ತನಕ ಕೇಳುತ್ತಿದ್ದ 'ಸ್' ಇಂದು ಕೇಳದಿದ್ದರೆ ಸೆಲ್ಲನ್ನೋ ನಳಿಕೆಯನ್ನೋ ನೋಡಬೇಕೆಂದು ತಿಳಿಯಬೇಕು.

ರಾತ್ರಿ ಮಲಗುವಾಗ ಯಂತ್ರ ತೆಗೆದು, ಒಣ ಮೆತ್ತನೆಯ ಬಟ್ಟೆಯಿಂದ ಒರೆಸಿ, ಸೆಲ್ಲಿನ ಬಾಗಿಲು ತೆರೆದಿಡಬೇಕು. ಸೆಲ್ಲೂ ಉಳಿಯುತ್ತದೆ, ಬೆವರಿನ ಪಸೆಯೂ ಹೊರಹೋಗುತ್ತದೆ.

ವಾರಕ್ಕೊಮ್ಮೆ ಅಚ್ಚನ್ನು ನಳಿಕೆಯ ಸಮೇತ ಕೊಕ್ಕೆಯಿಂದ ಬಿಡಿಸಿ, ಉಗುರುಬೆಚ್ಚನೆ ನೀರು ಮತ್ತು ಸಾದಾ ಸಾಬೂನಿನಿಂದ ತೊಳೆಯಬೇಕು. ಯಂತ್ರಕ್ಕೆ ಮಾತ್ರ ಒಂದು ಹನಿ ನೀರೂ ತಾಗಬಾರದು. ನಳಿಕೆಯೊಳಗೆ ಉಳಿದ ನೀರನ್ನು ರಬ್ಬರಿನ ಗಾಳಿಚೆಂಡಿನಿಂದ ಊದಿ ತೆಗೆದು, ರಾತ್ರಿಯಿಡೀ ಒಣಗಲು ಬಿಟ್ಟು, ಬೆಳಗ್ಗೆ ಜೋಡಿಸಬೇಕು. ಅಚ್ಚಿನ ತೂತಿನಲ್ಲಿ ಕುಗ್ಗೆ ಕೂತಿದ್ದರೆ ಯಂತ್ರದ ಜೊತೆ ಕೊಟ್ಟ ಸಣ್ಣ ಕುಣಿಕೆಯಿಂದ ತೆಗೆಯಬೇಕು. ಪಿನ್ನು, ಸೂಜಿ ಬೇಡ. ನಳಿಕೆ ಕೆಲವು ತಿಂಗಳಲ್ಲಿ ಹಳದಿಯಾಗಿ ಪೆಡಸಾಗುತ್ತದೆ, ಆಗ ಬದಲಾಯಿಸಬೇಕು. ಇದರ ಖರ್ಚು ಅಲ್ಪ, ಆದರೆ ಬದಲಾಯಿಸದಿದ್ದರೆ ಇಡೀ ಯಂತ್ರ ವ್ಯರ್ಥ.

ಮುಂಬಯಿಯ ಮಳೆಗಾಲ

ಈ ನಗರದಲ್ಲಿ ಜೂನಿನಿಂದ ಸೆಪ್ಟೆಂಬರಿನ ತನಕ ಎರಡು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುತ್ತದೆ. ಹಪ್ಪಳ ಮೆತ್ತಗಾಗುತ್ತದೆ, ಉಪ್ಪು ನೀರೊಡೆಯುತ್ತದೆ, ಬಟ್ಟೆ ಒಣಗುವುದಿಲ್ಲ. ಹೀಗಿರಲು ಯಂತ್ರದ ಪಾಡೇನು? ಇಲ್ಲಿ ಯಂತ್ರಗಳಿಗೆ ಬೆವರು ಮತ್ತು ಪಸೆಗಿಂತ ದೊಡ್ಡ ವೈರಿಯಿಲ್ಲ.

ಗಟ್ಟಿ ಮುಚ್ಚಳದ ಒಂದು ಡಬ್ಬಿ, ಅದರಲ್ಲಿ ಪಸೆ ಹೀರುವ ಸಿಲಿಕಾ ಜೆಲ್ಲಿನ ಹರಳು, ಇಷ್ಟಿದ್ದರೆ ಸಾಕು. ಶ್ರವಣಯಂತ್ರದ ಅಂಗಡಿಗಳಲ್ಲಿ ಇಂಥ ಡಬ್ಬಿ ಸಿಗುತ್ತದೆ. ಸೆಲ್ಲನ್ನು ಹೊರಗೆ ತೆಗೆದು, ಯಂತ್ರವನ್ನು ಮಾತ್ರ ಪ್ರತಿ ರಾತ್ರಿ ಅದರಲ್ಲಿಡಬೇಕು. ಸೆಲ್ಲನ್ನೂ ಜೊತೆಗಿಟ್ಟರೆ ಅದು ಒಣಗಿ ಬೇಗ ಮುಗಿಯುತ್ತದೆ. ಬಣ್ಣದ ಹರಳುಗಳಾದರೆ ನೀಲಿಯವು ನಸುಗೆಂಪಾದಾಗ ಅವುಗಳ ಶಕ್ತಿ ತೀರಿತೆಂದು ತಿಳಿದು ಬದಲಾಯಿಸಬೇಕು. ಆ ಹರಳು ತಿನ್ನುವ ವಸ್ತುವಲ್ಲ; ಮಕ್ಕಳಿಂದ ದೂರವಿರಲಿ. ಕೆಲವರು ಅಕ್ಕಿಯ ಡಬ್ಬದಲ್ಲಿ ಹೂತಿಡುತ್ತಾರೆ. ಅಕ್ಕಿಯ ಹುಡಿ ಯಂತ್ರದ ತೂತುಗಳಿಗೆ ಸೇರುವುದರಿಂದ ಅದು ಒಳ್ಳೆಯದಲ್ಲ. ಅಡುಗೆಮನೆ, ಬಚ್ಚಲಮನೆಗಳಲ್ಲಿಯೂ ಡಬ್ಬಿಯನ್ನು ಇಡಬಾರದು.

ಮಳೆಯಲ್ಲಿ ಹೊರಗೆ ಹೊರಟರೆ ಚೀಲದಲ್ಲಿ ಒಂದು ಪುಟ್ಟ ಡಬ್ಬಿಯಿರಲಿ. ಜಡಿಮಳೆ ಬಂದರೆ ಯಂತ್ರವನ್ನು ತೆಗೆದು ಅದರಲ್ಲಿ ಹಾಕಿ. ಹಾಗೂ ಒದ್ದೆಯಾದರೆ, ಬಂದ್ ಮಾಡಿ, ಸೆಲ್ಲು ತೆಗೆದು ಎಸೆದು, ಬಟ್ಟೆಯಿಂದ ಒರೆಸಿ, ಬಾಗಿಲು ತೆರೆದು ಒಂದು ಹಗಲು ಒಂದು ರಾತ್ರಿ ಒಣ ಡಬ್ಬಿಯಲ್ಲಿ ಬಿಡಿ. ಒಲೆಯ ಹತ್ತಿರ, ಬಿಸಿಲಿನಲ್ಲಿ, ಕೂದಲು ಒಣಗಿಸುವ ಯಂತ್ರದ ಮುಂದೆ ಹಿಡಿಯಬೇಡಿ. ಕವಚ ಸೊಟ್ಟಗಾಗುತ್ತದೆ, ಒಳಗಿನ ಭಾಗ ಸುಡುತ್ತದೆ.

ಯಂತ್ರ ಹಟ ಹಿಡಿದಾಗ

ಸದ್ದೇ ಇಲ್ಲವೆ? ಗುಂಡಿ ಎಲ್ಲಿದೆ ನೋಡಿ, ಹೊಸ ಸೆಲ್ಲು ಹಾಕಿ ನೋಡಿ, ಅಚ್ಚಿನ ತೂತಿನಲ್ಲಿ ಕುಗ್ಗೆ ಇದೆಯೇ ನೋಡಿ. ಸಿಳ್ಳೆ ಹೊಡೆಯುತ್ತಿದೆಯೆ? ಅಚ್ಚು ಸರಿಯಾಗಿ ಕೂತಿದೆಯೇ, ನಳಿಕೆ ಬಿರುಕು ಬಿಟ್ಟಿದೆಯೇ, ಕಿವಿಯಲ್ಲೇ ಕುಗ್ಗೆ ತುಂಬಿದೆಯೇ ಪರೀಕ್ಷಿಸಿ. ಹಿರಿಯರು ಕೃಶರಾದರೆ ಹಳೆಯ ಅಚ್ಚು ಸಡಿಲವಾಗುವುದೂ ಉಂಟು; ಆಗ ಹೊಸ ಅಚ್ಚೇ ಬೇಕು. ಮಾತು ಕ್ಷೀಣವೆ? ನಳಿಕೆಯಲ್ಲಿ ನೀರಿನ ಹನಿ ನಿಂತಿರಬಹುದು. ಕರಕರ ಸದ್ದೆ? ಪಸೆ ಸೇರಿದೆ, ಒಣಗಿಸಿ. ಇಷ್ಟಕ್ಕೂ ಸರಿಹೋಗದಿದ್ದರೆ ಕೊಂಡಲ್ಲಿಗೆ ಒಯ್ಯಿರಿ. ಖಾತರಿ ಚೀಟಿಯನ್ನು ಮನೆಯ ಕಾಗದಪತ್ರಗಳೊಡನೆ ಇಟ್ಟಿರಬೇಕು. ಮನೆಯಲ್ಲಿ ಸ್ಕ್ರೂ ತಿರುಗಿಸುವ ಸಾಹಸ ಬೇಡ. ಕೆಲವು ಯಂತ್ರಗಳಲ್ಲಿ ಬದಿಯ ಆ ಪುಟ್ಟ ಸ್ಕ್ರೂಗಳಲ್ಲೇ ತಜ್ಞರು ಹೊಂದಿಸಿದ ಅಳತೆ ಇರುತ್ತದೆ.

ಮನೆಯವರ ಪಾಲು

ಯಂತ್ರ ಕಿವಿಯನ್ನು ಹೊಸದಾಗಿ ಮಾಡುವುದಿಲ್ಲ. ಸದ್ದನ್ನು ಹತ್ತಿರ ತರುತ್ತದೆ, ಅಷ್ಟೇ. ಮಿಕ್ಕಿದ್ದು ಮನೆಯವರದು. ಮೊದಲು ಹೆಸರು ಹಿಡಿದೋ "ಅತ್ತೇ", "ಅಜ್ಜಾ" ಎಂದೋ ಕರೆದು, ಅವರು ತಿರುಗಿದ ಮೇಲೆ ಮಾತು ತೆಗೆಯಬೇಕು. ಮುಖಕ್ಕೆ ಬೆಳಕಿರಲಿ, ಬಾಯಿಗೆ ಕೈ ಅಡ್ಡ ಬಾರದಿ­ರಲಿ. ಕಿರುಚಬಾರದು, ಕಿರುಚಿದರೆ ಅಕ್ಷರಗಳು ಇನ್ನಷ್ಟು ಕೆಡುತ್ತವೆ, ಮುಖವೂ ಕೋಪದ ಮುಖವಾಗುತ್ತದೆ. ನಿಧಾನವಾಗಿ, ಬಿಡಿಸಿ ಆಡಿದರೆ ಸಾಕು. ಒಂದು ಸಲ ತಿಳಿಯದಿದ್ದರೆ ಅದೇ ಮಾತನ್ನು ನಾಲ್ಕು ಸಲ ಹೇಳುವ ಬದಲು ಬೇರೆ ಶಬ್ದಗಳಲ್ಲಿ ಹೇಳಿ. ಮಿಕ್ಸರ್ ತಿರುಗುವಾಗ, ಟಿ.ವಿ. ಕೂಗುವಾಗ ಮುಖ್ಯವಾದ ಮಾತು ಬೇಡ. ಎಲ್ಲಕ್ಕಿಂತ ಮುಖ್ಯವಾಗಿ, "ಏನಿಲ್ಲ ಬಿಡಿ, ಆಮೇಲೆ ಹೇಳುತ್ತೇನೆ" ಎಂದು ಮಾತನ್ನು ನುಂಗಬಾರದು. ಮನೆಯ ಹಿರಿಯರನ್ನು ಮನೆಯಿಂದ ಹೊರಗೆ ಕೂರಿಸುವ ಮಾತದು.

ಹೊರಗೆ ಹೋದಾಗಲೂ ಸ್ವಲ್ಪ ಎಚ್ಚರ ಬೇಕು. ಒಂದೇ ಕಿವಿಗೆ ಯಂತ್ರವಿದ್ದರೆ ಸದ್ದು ಯಾವ ದಿಕ್ಕಿನಿಂದ ಬಂತೆಂದು ತಿಳಿಯುವುದು ಕಷ್ಟ. ಆದುದರಿಂದ ರಸ್ತೆ ದಾಟುವಾಗ ಕಣ್ಣನ್ನೇ ನಂಬಬೇಕು. ರೈಲಿನ ಹಳಿ ದಾಟದೆ ಸೇತುವೆ ಹತ್ತಿಯೇ ಹೋಗಬೇಕು. ನಿಲ್ದಾಣದಲ್ಲಿ ಕೂಗಿ ಹೇಳುವುದಕ್ಕಿಂತ ಸೂಚನಾಫಲಕವನ್ನು ನೋಡುವುದು ಲೇಸು. ಮಾಟುಂಗದ ಸಭಾಂಗಣಗಳಲ್ಲಿ ಯಕ್ಷಗಾನಕ್ಕೋ ನಾಟಕಕ್ಕೋ ಹೋದರೆ ಮುಂದಿನ ಸಾಲಿನಲ್ಲಿ, ಆದರೆ ಧ್ವನಿವರ್ಧಕದಿಂದ ದೂರ ಕೂರಬೇಕು. ಚೆಂಡೆ ಏರುವಾಗ ಯಂತ್ರದ ಸದ್ದು ತಗ್ಗಿಸಿ, ಅರ್ಥ ಹೇಳುವಾಗ ಏರಿಸಿಕೊಳ್ಳಬಹುದು. ಗಣೇಶೋತ್ಸವದ ಮೆರವಣಿಗೆ, ದೀಪಾವಳಿಯ ಪಟಾಕಿಗಳ ಹತ್ತಿರ ಯಂತ್ರವನ್ನು ತೆಗೆದಿಡುವುದೇ ಉತ್ತಮ.

ಕನ್ನಡಕ ಹಾಕಿಕೊಳ್ಳಲು ನಮ್ಮಲ್ಲಿ ಯಾರಿಗೂ ನಾಚಿಕೆಯಿಲ್ಲ. ಕಿವಿಯ ಯಂತ್ರಕ್ಕೆ ಮಾತ್ರ ಏಕೆ? ಹಿರಿಯರು ಹಿಂಜರಿದರೆ ಮನೆಯವರು ಧೈರ್ಯ ಹೇಳಬೇಕು. ಮಕ್ಕಳು ನಕ್ಕರೆ ತಿದ್ದಬೇಕು. ಸೆಲ್ಲು ಬದಲಾಯಿಸುವ, ಆರು ಸದ್ದು ಹೇಳುವ, ರಾತ್ರಿ ಡಬ್ಬಿಯಲ್ಲಿಡಲು ನೆನಪಿಸುವ ಕೆಲಸಗಳಲ್ಲಿ ತಿಳಿವಳಿಕೆ ಬಂದ ಮೊಮ್ಮಗನಿಗೋ ಮೊಮ್ಮಗಳಿಗೋ ಒಂದನ್ನು ವಹಿಸಿಕೊಡಿ. ಇನ್ನೂ ಪರೀಕ್ಷೆಯೇ ಆಗದ ಹಿರಿಯರು ಮನೆಯಲ್ಲಿದ್ದರೆ ಮಳೆಗಾಲವೋ ಹಬ್ಬವೋ ಕಳೆಯಲೆಂದು ಮುಂದೂಡದೆ, ಬರುವ ವಾರವೇ ಒಂದು ದಿನ ಗೊತ್ತುಮಾಡಿ. ಡ್ರಾಯರಿನಲ್ಲಿ ಹಳೆಯ ಯಂತ್ರವಿದ್ದರೆ ಅದನ್ನೂ ಜೊತೆಗೆ ಒಯ್ಯಿರಿ. ಹೊಸ ಅಚ್ಚು, ಹೊಸ ನಳಿಕೆ, ಒಂದು ಸೆಲ್ಲು, ಇಷ್ಟರಿಂದಲೇ ಅದು ಮತ್ತೆ ಮಾತು ಕೇಳಿಸಬಹುದು.